ರಾತ್ರಿ ಎಚ್ಚರ ಆದ್ರೂ ಅಳದ ಮಗು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರನ್ನ ಆರಿಸಿಕೊಂಡಿದ್ದೀನಿ, ಮೂರೂ ಎಳೆ ಮಕ್ಕಳ ವಿಷಯ. ಹೆಸರು ಹಾಕಬೇಡಿ ಅಂತ ಮೂರೂ ಜನ ಕೇಳಿದ್ದಾರೆ, ಹಾಕಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಮೂರು ತಿಂಗಳು ಮೇಡಂ. ಅತ್ತ ತಕ್ಷಣ ಎತ್ತಿಕೊಳ್ತೀನಿ. ಹೀಗೆ ಎತ್ತಿಕೊಂಡು ಎತ್ತಿಕೊಂಡು ಕೈ ರೂಢಿ ಮಾಡಿಸ್ತಿದ್ದೀಯ, ಆಮೇಲೆ ಕೆಳಗೇ ಇಳಿಯಲ್ಲ ನೋಡು ಅಂತಾರೆ ಅತ್ತೆ. ಸ್ವಲ್ಪ ಹೊತ್ತು ಅಳೋಕೆ ಬಿಟ್ರೆ ಮಗು ಗಟ್ಟಿ ಆಗುತ್ತಾ?

ಉತ್ತರ: ಎತ್ತಿಕೊಳ್ಳಿ ತಾಯಿ, ಯೋಚನೆನೇ ಮಾಡಬೇಡಿ. ಮೂರು ತಿಂಗಳ ಕೂಸಿಗೆ ಹಠ ಮಾಡೋದು ಗೊತ್ತಿಲ್ಲ, ಅದರ ಹತ್ರ ಇರೋ ಮಾತು ಅಳು ಒಂದೇ, ಹಸಿವಾದ್ರೂ ಅದೇ, ಒದ್ದೆ ಆದ್ರೂ ಅದೇ, ಸುಮ್ನೆ ಯಾರಾದ್ರೂ ಬೇಕು ಅನ್ಸಿದ್ರೂ ಅದೇ. ರಚ್ಚೆ ಹಿಡಿದು ಅಳುವಾಗ ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ಏರುತ್ತೆ, ಯಾರೋ ಬಂದು ಎದೆಗೆ ಒರಗಿಸಿಕೊಂಡ್ರೆ ಇಳಿಯೋಕೆ ಶುರು ಆಗುತ್ತೆ. ತಾನೇ ಅದನ್ನ ಇಳಿಸಿಕೊಳ್ಳೋ ಶಕ್ತಿ ಆ ಮೆದುಳಿಗೆ ಇನ್ನೂ ಬಂದಿಲ್ಲ, ನಿಮ್ಮ ತೋಳಲ್ಲಿ ಸಾವಿರ ಸಲ ಸಮಾಧಾನ ಆಗಿ ಆಗಿ ಆಮೇಲೆ ತಾನಾಗೇ ಸಮಾಧಾನ ಆಗೋದು ಕಲಿಯುತ್ತೆ. ಸಿಲ್ವಿಯಾ ಬೆಲ್ ಮತ್ತೆ ಮೇರಿ ಐನ್ಸ್‌ವರ್ತ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞೆಯರು 26 ಮನೆಗಳಿಗೆ ಹೋಗಿ ಕೂತು ನೋಡಿ 1972ರಲ್ಲಿ ಬರೆದಿದ್ದು ಏನಂದ್ರೆ, ಮೊದಲ ತಿಂಗಳುಗಳಲ್ಲಿ ಅತ್ತ ಕೂಡಲೇ ಯಾರಾದ್ರೂ ಹೋಗ್ತಿದ್ದ ಮಕ್ಕಳು ವರ್ಷ ತುಂಬೋ ಹೊತ್ತಿಗೆ ಕಡಿಮೆ ಅಳ್ತಿದ್ರು. ಆಮೇಲೆ ಬಂದ ಕೆಲವು ಅಧ್ಯಯನಗಳಲ್ಲಿ ಇದು ಇಷ್ಟು ಚೊಕ್ಕವಾಗಿ ಕಾಣಲಿಲ್ಲ ಅನ್ನೋದನ್ನೂ ಹೇಳ್ಬೇಕು, ಆದ್ರೆ ಎತ್ತಿಕೊಂಡಿದ್ದಕ್ಕೆ ಮೂರು ತಿಂಗಳ ಕೂಸು ಕೆಟ್ಟುಹೋಯ್ತು ಅನ್ನೋದನ್ನ ನಾನಂತೂ ಎಲ್ಲೂ ಕಂಡಿಲ್ಲ. ನಿಮಗೇ ತಡೆಯೋಕೆ ಆಗದಷ್ಟು ಸುಸ್ತಾದ್ರೆ ಮಗುನ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಆಚೆ ಬಂದು ಉಸಿರು ತಗೊಳ್ಳಿ, ಏನೂ ಆಗಲ್ಲ. ಕೋಪದಲ್ಲಿ ಮಗುನ ಹಿಡಿದು ಕುಲುಕೋದು ಮಾತ್ರ ಯಾವತ್ತೂ ಬೇಡ, ಮೆದುಳಲ್ಲಿ ರಕ್ತಸ್ರಾವ ಆಗಿಬಿಡುತ್ತೆ.

ಪ್ರಶ್ನೆ: ನನ್ನ ಮಗ 29 ವಾರಕ್ಕೇ ಹುಟ್ಟಿದ. ಆರು ವಾರ ಎನ್‌ಐಸಿಯುನಲ್ಲಿ, ಅಂದ್ರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ. ಮನೆಗೆ ಬಂದ ಮೇಲೆ ನಾನೇ ಕುಸಿದುಬಿಟ್ಟೆ, ಅವನ ಮುಖ ನೋಡಿದ್ರೂ ಏನೂ ಅನ್ನಿಸ್ತಿರಲಿಲ್ಲ. ಏಳು ತಿಂಗಳವರೆಗೆ ಅವನನ್ನ ನೋಡಿಕೊಂಡಿದ್ದು ನನ್ನ ಗಂಡ, ನನ್ನ ಅಮ್ಮ. ಈಗ ಮಾತ್ರೆ ತಗೊಂಡು ಸುಧಾರಿಸಿದ್ದೀನಿ, ಅವನಿಗೆ ಹನ್ನೊಂದು ತಿಂಗಳು. ಮೊದಲ ವರ್ಷದಲ್ಲೇ ಮೆದುಳು ರೂಪ ಆಗೋದು ಅಂತ ಓದಿ ನಿದ್ದೆ ಬರ್ತಿಲ್ಲ. ನನ್ನ ಮಗನ ಮೆದುಳು ನಾನೇ ಹಾಳು ಮಾಡಿದ್ನಾ?

ಉತ್ತರ: ಇಲ್ಲಮ್ಮ. ಇದನ್ನ ಮೊದಲು ಓದ್ಕೊಳ್ಳಿ, ಮಿಕ್ಕಿದ್ದು ಆಮೇಲೆ.

ನಿಮ್ಮ ಪತ್ರದಲ್ಲೇ ಉತ್ತರ ಇದೆ, ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಷ್ಟೆ. ಅವನು ಅತ್ತಾಗ ಅಪ್ಪ ಬಂದ್ರು, ಅಜ್ಜಿ ಬಂದ್ರು, ದಿನಾ ಅದೇ ಮುಖ, ಅದೇ ದನಿ. ಮಗುವಿಗೆ ಬೇಕಾಗಿದ್ದು ಅದು. ಹೆತ್ತವಳೇ ಬರಬೇಕು ಅನ್ನೋ ಷರತ್ತು ಮೆದುಳಿಗೆ ಇಲ್ಲ, ಕರೆದ್ರೆ ಓಗೊಡೋರು ಒಬ್ಬರು ಬೇಕು, ಅವರು ದಿನಕ್ಕೊಬ್ಬರಂತೆ ಬದಲಾಗ್ತಾ ಇರಬಾರದು, ಅಷ್ಟೆ. ಮಗು ಒಂದಕ್ಕಿಂತ ಹೆಚ್ಚು ಜನರಿಗೂ ಅಂಟಿಕೊಳ್ಳುತ್ತೆ, ಈಗ ನಿಮಗೂ ಜಾಗ ಇದೆ.

ಎಡ್ವರ್ಡ್ ಟ್ರಾನಿಕ್ ಅನ್ನೋ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಮಾಡಿದ ಒಂದು ಪ್ರಯೋಗ ಹೇಳ್ತೀನಿ. ತಾಯಿ ಮಗುನ ಎದುರಿಗೆ ಕೂರಿಸಿಕೊಂಡು ಆಡಿಸ್ತಾ ಇರ್ತಾಳೆ, ಇದ್ದಕ್ಕಿದ್ದ ಹಾಗೆ ಎರಡು ಮೂರು ನಿಮಿಷ ಮುಖದಲ್ಲಿ ಏನೂ ತೋರಿಸದೆ ಸುಮ್ನೆ ಕೂರಬೇಕು. ಮಗು ಮೊದಲು ನಗುತ್ತೆ, ಬೆರಳು ತೋರಿಸುತ್ತೆ, ಕಿರುಚುತ್ತೆ, ಆಮೇಲೆ ಮುಖ ತಿರುಗಿಸಿಕೊಂಡು ಕುಗ್ಗಿಹೋಗುತ್ತೆ. ಇದನ್ನ ನೋಡಿದ ಖಿನ್ನತೆಯ ತಾಯಂದಿರು ಅತ್ತುಬಿಡ್ತಾರೆ, ನಾನೂ ಹೀಗೇ ಕೂತಿದ್ನಲ್ಲಾ ಅಂತ. ಆದ್ರೆ ಅದರ ಮುಂದಿನ ಭಾಗ ನೋಡಬೇಕು, ತಾಯಿ ಮತ್ತೆ ನಕ್ಕು ಮಾತಾಡಿಸಿದಾಗ ಮಗು ಸ್ವಲ್ಪ ಮುನಿಸಿಕೊಂಡಿದ್ದು ಮತ್ತೆ ಹತ್ರ ಬರುತ್ತೆ. ಚೆನ್ನಾಗಿರೋ ತಾಯಿ ಮಗು ಕೂಡ ಎದುರುಬದುರು ಆಡೋವಾಗ ಸರಿಯಾಗಿ ತಾಳ ಕೂಡೋದು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಅಂತ ಇದೇ ಟ್ರಾನಿಕ್ ಲೆಕ್ಕ ಹಾಕಿದ್ರು, ಮಿಕ್ಕ ಹೊತ್ತೆಲ್ಲ ತಪ್ಪೋದು, ಮತ್ತೆ ಸರಿ ಮಾಡಿಕೊಳ್ಳೋದು. ಆ ಸರಿ ಮಾಡಿಕೊಳ್ಳೋದನ್ನೇ ನೀವು ಈಗ ಮಾಡ್ತಿರೋದು.

ಬಾಣಂತನದ ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಔಷಧಿ ತಗೊಂಡು ಮಗನಿಗೇ ಉಪಕಾರ ಮಾಡಿದ್ದೀರಿ. ಹುಷಾರಾಯ್ತು ಅಂತ ಮಾತ್ರೆ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಅವಧಿಗೆ ಮುಂಚೆ ಹುಟ್ಟಿದ ಮಗು ಆದ್ದರಿಂದ ಕಣ್ಣು, ಕಿವಿ, ಬೆಳವಣಿಗೆಯ ಚೆಕಪ್ ಒಂದನ್ನೂ ತಪ್ಪಿಸಬೇಡಿ.

ಪ್ರಶ್ನೆ: ನಾವು ಮಗಳನ್ನ ದತ್ತು ತಗೊಂಡು ನಾಲ್ಕು ತಿಂಗಳಾಯ್ತು. ಹತ್ತು ತಿಂಗಳವರೆಗೆ ಮಕ್ಕಳ ಆಶ್ರಮದಲ್ಲಿದ್ದಳು, ಈಗ ಹದಿನಾಲ್ಕು ತಿಂಗಳು. ತುಂಬಾ ಒಳ್ಳೆ ಮಗು, ಅಳೋದೇ ಇಲ್ಲ ಅಂತ ಎಲ್ಲರೂ ಹೊಗಳ್ತಾರೆ. ರಾತ್ರಿ ಎಷ್ಟೋ ಸಲ ನಾನು ಎದ್ದು ನೋಡಿದ್ರೆ ಅವಳು ಕಣ್ಣು ಬಿಟ್ಕೊಂಡು ಸದ್ದಿಲ್ಲದೆ ಚಾವಣಿ ನೋಡ್ತಾ ಮಲಗಿರ್ತಾಳೆ. ಬಿದ್ರೂ ಅಳಲ್ಲ. ಯಾರು ಕೈ ಚಾಚಿದ್ರೂ ಹೋಗ್ತಾಳೆ, ಮೊದಲ ಸಲ ನೋಡಿದವರ ಹೆಗಲ ಮೇಲೂ ತಲೆ ಇಡ್ತಾಳೆ. ನನ್ನನ್ನ ಅಮ್ಮ ಅಂತ ಅವಳು ಗುರುತೇ ಹಿಡಿದಿಲ್ಲ ಅನ್ಸುತ್ತೆ. ಇದು ಸರಿ ಹೋಗುತ್ತಾ ಅಕ್ಕಾ?

ಉತ್ತರ: ನಿಮ್ಮ ಪತ್ರ ನಾಲ್ಕು ಸಲ ಓದಿದೆ ತಂಗಿ. ಎಲ್ಲರೂ ಒಳ್ಳೆ ಮಗು ಅಂತ ಹೊಗಳುವಾಗ ನಿಮಗೆ ಮಾತ್ರ ಏನೋ ಚುಚ್ಚಿತಲ್ಲ, ಅದನ್ನ ನಂಬಿ. ಆ ಮೌನ ನೆಮ್ಮದಿಯ ಮೌನ ಇರಲಿಕ್ಕಿಲ್ಲ.

ಇದು ಜಗತ್ತಿಗೆ ಚೆನ್ನಾಗಿ ಗೊತ್ತಾಗಿದ್ದು ರೊಮೇನಿಯಾದಿಂದ. ಅಲ್ಲಿ ಚೌಷೆಸ್ಕು ಸರ್ಕಾರ ಜನಸಂಖ್ಯೆ ಹೆಚ್ಚಿಸಬೇಕು ಅಂತ 1966ರಲ್ಲಿ ಗರ್ಭಪಾತ ನಿಷೇಧ ಮಾಡ್ತು, ಸಾಕೋಕೆ ಆಗದ ಮನೆಗಳ ಮಕ್ಕಳು ಸರ್ಕಾರಿ ಆಶ್ರಮ ಸೇರಿದ್ರು, 1989ರ ಕೊನೆಗೆ ಆ ಸರ್ಕಾರ ಬೀಳೋ ಹೊತ್ತಿಗೆ ಹಾಗೆ ಇದ್ದ ಮಕ್ಕಳು ಒಂದು ಲಕ್ಷಕ್ಕೂ ಹೆಚ್ಚು. ಹೊರಗಿನಿಂದ ಹೋದವರಿಗೆ ಮೊದಲು ಕಂಡಿದ್ದು ನಿಶ್ಶಬ್ದ, ಸಾಲು ಸಾಲು ತೊಟ್ಟಿಲು, ತುಂಬಾ ಕೂಸುಗಳು, ಅಳು ಇಲ್ಲ. ಅತ್ರೂ ಯಾರೂ ಬರದೆ ಇದ್ದಾಗ ಮಕ್ಕಳು ಕರೆಯೋದನ್ನೇ ಬಿಟ್ಟುಬಿಟ್ಟಿದ್ವು. ಒತ್ತಡದ ಹಾರ್ಮೋನ್ ಅಳತೆ ಮಾಡಿದ್ರೆ ಅದೂ ಹಾಗೇ, ಏರಬೇಕಾದ ಹೊತ್ತಲ್ಲಿ ಏರದೆ ಚಪ್ಪಟೆ ಆಗಿಹೋಗಿತ್ತು. ಅಲ್ಲಿನ ಹೆಂಗಸರು ಕೆಟ್ಟವರು ಅಂತಲ್ಲ, ಒಬ್ಬೊಬ್ಬರಿಗೆ ಹತ್ತಾರು ಮಕ್ಕಳು, ಪಾಳಿ ಬದಲಾದ್ರೆ ಮುಖನೂ ಬದಲು.

ಹುಟ್ಟುವಾಗ ಮೆದುಳು ದೊಡ್ಡವರ ಮೆದುಳಿನ ಕಾಲು ಭಾಗ ಇರುತ್ತೆ, ಎರಡು ವರ್ಷಕ್ಕೆ ಹೆಚ್ಚುಕಮ್ಮಿ ಶೇಕಡಾ 80. ಆ ಅವಧಿಯಲ್ಲಿ ನರಕೋಶಗಳು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸಂಪರ್ಕ ಹೆಣೆದುಕೊಂಡು, ಬಳಕೆ ಆಗಿದ್ದನ್ನ ಉಳಿಸಿಕೊಂಡು, ಆಗದೇ ಇದ್ದಿದ್ದನ್ನ ಕತ್ತರಿಸಿ ಹಾಕುತ್ವೆ. ಮಗು ಊಂ ಅಂದಾಗ ಯಾರೋ ಊಂ ಅಂದ್ರೆ ಆ ದಾರಿ ಉಳೀತು. ಯಾರೂ ಏನೂ ಅನ್ನದೇ ಹೋದ್ರೆ ಅದು ಸವೆಯುತ್ತೆ.

ಈಗ ನಿಮಗೆ ಬೇಕಾದ ವಿಷಯಕ್ಕೆ ಬರ್ತೀನಿ. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಅನ್ನೋ ಮೂವರು ಸಂಶೋಧಕರು ರೊಮೇನಿಯಾದ ರಾಜಧಾನಿ ಬುಖಾರೆಸ್ಟ್‌ನ ಆಶ್ರಮಗಳಲ್ಲಿದ್ದ 136 ಮಕ್ಕಳನ್ನ ತಗೊಂಡು, ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳನ್ನ ತರಬೇತಿ ಕೊಟ್ಟ ಸಾಕು ಮನೆಗಳಿಗೆ ಕಳಿಸಿದ್ರು. ಆಶ್ರಮದಲ್ಲೇ ಉಳಿದ ಮಿಕ್ಕ ಅರ್ಧ ಮಕ್ಕಳ ನೆನಪಾದ್ರೆ ನನಗೆ ಈಗಲೂ ಸಂಕಟ ಆಗುತ್ತೆ, ಆದ್ರೆ ಆಗ ಅಲ್ಲಿ ಬೇರೆ ಸಾಕು ಮನೆಗಳ ವ್ಯವಸ್ಥೆ ಇಲ್ಲವೇ ಇಲ್ಲ ಅನ್ನೋ ಹಾಗಿತ್ತು. ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ರೆ ಮನೆಗೆ ಹೋದ ಮಕ್ಕಳ ಬುದ್ಧಿ, ಮಾತು, ಅಂಟಿಕೊಳ್ಳೋ ಗುಣ ಎಲ್ಲ ಸುಧಾರಿಸಿತ್ತು, ಅದರಲ್ಲೂ ಎರಡು ವರ್ಷ ತುಂಬೋದ್ರೊಳಗೆ ಹೋದವರಿಗೆ ಎಂಟನೇ ವಯಸ್ಸಲ್ಲಿ ಮೆದುಳಿನ ವಿದ್ಯುತ್ ಅಲೆಗಳು ಮನೆಯಲ್ಲೇ ಬೆಳೆದ ಮಕ್ಕಳ ಹಾಗೇ ಕಾಣ್ತಿದ್ವು. ನಿಮ್ಮ ಮಗಳು ಬಂದಿದ್ದು ಹತ್ತು ತಿಂಗಳಿಗೆ. ಎರಡು ವರ್ಷ ದಾಟಿದ್ರೆ ಬಾಗಿಲು ಮುಚ್ಚಿಹೋಗುತ್ತೆ ಅಂತಲೂ ಅಲ್ಲ, ನಿಧಾನ ಆಗುತ್ತೆ, ಕಷ್ಟ ಆಗುತ್ತೆ. ಸುಳ್ಳು ಧೈರ್ಯ ನಾನು ಹೇಳಲ್ಲ, ಬ್ರಿಟನ್‌ಗೆ ದತ್ತು ಹೋದ ರೊಮೇನಿಯಾದ ಮಕ್ಕಳನ್ನ ಮನೋವೈದ್ಯ ಮೈಕಲ್ ರಟರ್ ತಂಡ ನೋಡಿದಾಗ ಆರು ತಿಂಗಳಿಗಿಂತ ಹೆಚ್ಚು ಆಶ್ರಮದಲ್ಲಿದ್ದ ಕೆಲವರಿಗೆ ಗಮನ ಇಡೋದು, ಅಪರಿಚಿತರ ಜೊತೆ ಅಂತರ ತಿಳಿಯೋದು ದೊಡ್ಡವರಾದ ಮೇಲೂ ತೊಂದರೆ ಕೊಡ್ತಿತ್ತು, ಅಷ್ಟೇ ದಿನ ಇದ್ದ ಇನ್ನು ಕೆಲವರಿಗೆ ಏನೂ ಇರಲಿಲ್ಲ. ರೊಮೇನಿಯಾದಷ್ಟು ಕೆಟ್ಟ ಸ್ಥಿತಿ ನಿಮ್ಮ ಮಗಳದು ಇರಲಿಲ್ಲ ಅಂದ್ಕೊಳ್ಳೋಣ, ಆದ್ರೂ ಕಣ್ಣಿಡಿ.

ಮೊದಲು ಮಕ್ಕಳ ಡಾಕ್ಟ್ರ ಹತ್ರ ಕಿವಿ ಪರೀಕ್ಷೆ, ಬೆಳವಣಿಗೆ ಪರೀಕ್ಷೆ ಎರಡೂ ಮಾಡಿಸಿ, ಮೌನಕ್ಕೆ ಬೇರೆ ಕಾರಣಗಳೂ ಇರ್ತವೆ. ಆಮೇಲೆ ಕೆಲವು ತಿಂಗಳು ತಿನ್ನಿಸೋದು, ಸ್ನಾನ, ಮಲಗಿಸೋದು, ಬಿದ್ದಾಗ ಎತ್ತೋದು ಇಷ್ಟನ್ನೂ ನೀವಿಬ್ಬರೇ ಮಾಡಿ. ನೆಂಟರು ಪ್ರೀತಿಯಿಂದಲೇ ಕೈ ಚಾಚ್ತಾರೆ, ಈಗ ಬೇಡ, ಪಕ್ಕ ಕೂತು ಆಡಿಸಿ ಅಂತ ಹೇಳಿ, ಬೇಜಾರಾದ್ರೂ ಆಗಲಿ. ಅವಳು ಕರೆಯೋದನ್ನ ಮರೆತಿದ್ದಾಳೆ, ಹಾಗಾಗಿ ಕರೆಯದೇ ಇದ್ರೂ ಹೋಗಬೇಕು. ರಾತ್ರಿ ಕಣ್ಣು ಬಿಟ್ಟಿದ್ದು ಕಂಡ್ರೆ ಎದೆ ಮೇಲೆ ಕೈ ಇಟ್ಟು ಅಮ್ಮ ಇದ್ದೀನಿ ಅನ್ನಿ. ಬಿದ್ದು ಸುಮ್ನೆ ಎದ್ರೂ ಓಡಿ ಹೋಗಿ, ಅಯ್ಯೋ ನೋವಾಯ್ತಾ ಕಂದಾ ಅಂತ ಮಂಡಿ ಊದಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಬಲವಂತ ಬೇಡ, ಅವಳು ನೋಡಿದಾಗ ನೀವು ಸಿಕ್ಕರೆ ಸಾಕು.

ನಾನು ಕಂಡ ಒಂದು ಮಗುನೂ ಹೀಗೇ ಇತ್ತು. ಮನೆಗೆ ಬಂದು ಎಂಟು ತಿಂಗಳಾದ ಮೇಲೆ ಒಂದಿನ ಅಂಗಳದಲ್ಲಿ ಬಿತ್ತು, ಸುತ್ತ ಐದಾರು ಜನ ಇದ್ರು, ಅದು ಮುಖ ಎತ್ತಿ ಒಬ್ಬೊಬ್ಬರನ್ನೇ ದಾಟಿಕೊಂಡು ಅಮ್ಮನ್ನ ಹುಡುಕಿ, ಅವಳು ಕಂಡ ಮೇಲೇ ತುಟಿ ಸೊಟ್ಟ ಮಾಡಿ ಅಳೋಕೆ ಶುರು ಮಾಡ್ತು. ಅಮ್ಮನೂ ಅಲ್ಲೇ ಕೂತು ಅತ್ತಳು.

ನಿಮ್ಮ ಮನೆಯಲ್ಲೂ ಒಂದು ರಾತ್ರಿ ಎರಡು ಗಂಟೆಗೆ ಅಳು ಕೇಳಿಸುತ್ತೆ ಅಂತ ಕಾಯ್ತಿದ್ದೀನಿ. ಕೇಳಿಸಿದ್ರೆ ನಿದ್ದೆ ಮುಗಿಸಿಕೊಂಡು ಬೆಳಿಗ್ಗೆ ನನಗೊಂದು ಸಾಲು ಬರೀರಿ.