ಹಳೆಯ ‘ಪಂಚ್’ ಸಂಪುಟದ ಆಸ್ಪತ್ರೆ ವ್ಯಂಗ್ಯಚಿತ್ರಗಳನ್ನು ಕ್ಲಿನಿಕ್ ಗೋಡೆಗೆ ಹಾಕಿಸುವುದು ಹೇಗೆ?

ಮಂಗಳೂರಿನಲ್ಲಿ ಕ್ಲಿನಿಕ್ ತೆರೆಯುತ್ತಿದ್ದೀರಿ. ಮನೆಯಲ್ಲಿ ಲಂಡನ್ನಿನ ಹಾಸ್ಯಪತ್ರಿಕೆ ‘ಪಂಚ್’ನ 1880ರ ದಶಕದ ಬೈಂಡ್ ಮಾಡಿದ ಸಂಪುಟವಿದೆ. ಅದರಲ್ಲಿನ ವೈದ್ಯರ, ರೋಗಿಗಳ ಚಿತ್ರಗಳ ಹಾಳೆ ಬಿಡಿಸಿ ಫ್ರೇಮ್ ಹಾಕಿಸಬಹುದೇ, ಎಷ್ಟು ದೊಡ್ಡದು ಮಾಡಿಸಬಹುದು ಎಂದು ಕೇಳಿದ್ದೀರಿ.

ದಯವಿಟ್ಟು ಹಾಳೆ ಬಿಡಿಸಬೇಡಿ. ಆ ಕಾಲದ ಪತ್ರಿಕೆಗಳ ಕಾಗದದಲ್ಲಿ ಮರದ ತಿರುಳು ಸೇರಿರುತ್ತದೆ. ಅದರೊಳಗಿನ ಆಮ್ಲ ಕಾಗದವನ್ನು ಒಳಗಿನಿಂದಲೇ ತಿನ್ನುತ್ತದೆ, ಬೆಳಕು ಬಿದ್ದರೆ ಇನ್ನೂ ಬೇಗ ಕಂದಾಗಿ ಪುಡಿಯಾಗುತ್ತದೆ, ಮತ್ತು ಆ ಹಾನಿ ಮರಳಿ ಸರಿಹೋಗುವುದಿಲ್ಲ. ಜೊತೆಗೆ, ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಕಿತ್ತರೆ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ. ಗೋಡೆಗೆ ಪ್ರತಿ ಹಾಕಿ, ಮೂಲ ಕಪಾಟಿನಲ್ಲಿರಲಿ. ಕಾನೂನಿನ ತೊಡಕೂ ಇಲ್ಲ: ಭಾರತದಲ್ಲಿ ಕೃತಿಸ್ವಾಮ್ಯ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಆ ದಶಕದ ‘ಪಂಚ್’ನ ದೊಡ್ಡ ಹೆಸರುಗಳಾದ ಚಾರ್ಲ್ಸ್ ಕೀನ್ 1891ರಲ್ಲಿ, ಜಾರ್ಜ್ ಡು ಮೊರಿಯೇ 1896ರಲ್ಲಿ ತೀರಿಕೊಂಡರು. ಕನ್ನಡದ್ದೂ ಒಂದಿರಲಿ ಅನ್ನಿಸಿದರೆ ಹಾಸ್ಯಪತ್ರಿಕೆ ‘ಕೊರವಂಜಿ’ಯ ನೆನಪಾಗುವುದು ಸಹಜ. 1942ರಲ್ಲಿ ಅದನ್ನು ಶುರುಮಾಡಿದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ಸ್ವತಃ ವೈದ್ಯರು. ಆದರೆ ಅಲ್ಲಿ ಚಿತ್ರ ಬರೆದವರಲ್ಲಿ ಆರ್. ಕೆ. ಲಕ್ಷ್ಮಣ್ ಒಬ್ಬರು, ಅವರು ತೀರಿಕೊಂಡದ್ದು 2015ರಲ್ಲಿ. ಅಂಥ ಚಿತ್ರಕ್ಕೆ ಅನುಮತಿ ಬೇಕೇ ಬೇಕು.

ಪ್ರತಿ ತೆಗೆಯುವಾಗ ಸಂಪುಟವನ್ನು ಸ್ಕ್ಯಾನರ್ ಗಾಜಿನ ಮೇಲೆ ಬೋರಲು ಹಾಕಿ ಒತ್ತಬೇಡಿ, ಬೆನ್ನು ಒಡೆಯುತ್ತದೆ. ಪುಸ್ತಕವನ್ನು 100-110 ಡಿಗ್ರಿಯಷ್ಟೇ ತೆರೆದು, ಎರಡೂ ರಟ್ಟಿನ ಕೆಳಗೆ ದಿಂಬು ಕೊಡಿ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಲೆನ್ಸಿನ ಮುಖ ಪುಟಕ್ಕೆ ಸಮಾನಾಂತರವಾಗಿರಲಿ, ಎರಡು ಬದಿಯಿಂದ 45 ಡಿಗ್ರಿಯಲ್ಲಿ ಒಂದೇ ಬಗೆಯ ಎರಡು ದೀಪ ಬೀಳಲಿ. ಪುಟದ ಹಿಂದೆ ಒಂದು ಕಪ್ಪು ಕಾಗದ ಸೇರಿಸುವುದನ್ನು ಮರೆಯಬೇಡಿ. ಬಿಳಿ ಕಾಗದವಿದ್ದರೆ ಹಿಂಬದಿಯ ಅಚ್ಚು ಚಿತ್ರದೊಳಗೆ ಮಸುಕಾಗಿ ಮೂಡುತ್ತದೆ, ಕಪ್ಪಿದ್ದರೆ ಅದು ಬಹುಪಾಲು ಅಡಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 27 ಸೆಂ.ಮೀ. ಎತ್ತರದ ಪುಟವನ್ನು ಚೌಕಟ್ಟಿಗೆ ತುಂಬಿಸಿದರೆ ಇಂಚಿಗೆ ಸುಮಾರು 560 ಪಿಕ್ಸೆಲ್ ಸಿಗುತ್ತದೆ. ಅಲ್ಲಿಗೆ ಎರಡುಪಟ್ಟು ಹಿಗ್ಗಿಸಿದರೂ ಇಂಚಿಗೆ 280 ಉಳಿಯಿತು, ಅಷ್ಟು ಸಾಕು. ಇವು ಮರದ ಅಚ್ಚಿನ ಗೆರೆಚಿತ್ರಗಳು, ಹಿಗ್ಗಿಸಿದಷ್ಟೂ ಗೆರೆಯ ಚೆಲುವು ಕಾಣುತ್ತದೆ. 20ನೇ ಶತಮಾನದ ಪತ್ರಿಕೆಗಳ ಚುಕ್ಕಿ ಮುದ್ರಣದ ಚಿತ್ರಗಳು ಹಾಗಲ್ಲ. ಚುಕ್ಕಿಯೂ ಪಿಕ್ಸೆಲ್ಲೂ ಒಂದಕ್ಕೊಂದು ಹೊಂದದೆ ಅಲೆಅಲೆಯಾದ ಪಟ್ಟೆ ಏಳುತ್ತದೆ. ಅವನ್ನು ಹೆಚ್ಚಿನ ರೆಸಲ್ಯೂಷನ್ನಿನಲ್ಲಿ ತೆಗೆದು, ಸ್ವಲ್ಪ ಮಸುಕು ಮಾಡಿ, ಆಮೇಲೆ ಅಳತೆ ಇಳಿಸಬೇಕು.

ಕಂಪ್ಯೂಟರಿನಲ್ಲಿ ಕಾಗದವನ್ನು ಪೂರ್ತಿ ಬೆಳ್ಳಗೆ ಮಾಡಿಬಿಡುವ ಆಸೆಗೆ ಬೀಳಬೇಡಿ. ತೆಳು ಗೆರೆಗಳು ಮೊದಲು ಮಾಯವಾಗುತ್ತವೆ, ಹಳೆಯ ಕಾಗದದ ಹದವೂ ಹೋಗುತ್ತದೆ. ಪ್ರಿಂಟ್ ಮಾಡಿಸುವಾಗ ಪಿಗ್ಮೆಂಟ್ ಇಂಕ್ ಕೇಳಿ, ಹತ್ತಿಯಿಂದ ಮಾಡಿದ ಮ್ಯಾಟ್ ಕಾಗದ, 200ರಿಂದ 300 ಜಿ.ಎಸ್.ಎಂ. (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ). ಡೈ ಇಂಕ್ ಅಗ್ಗ, ಆದರೆ ಬೇಗ ಮಾಸುತ್ತದೆ. ಲ್ಯಾಮಿನೇಷನ್ ಬೇಡ.

‘ಪಂಚ್’ ಚಿತ್ರಗಳಲ್ಲಿ ಅರ್ಧ ನಗು ಕೆಳಗಿನ ಸಂಭಾಷಣೆಯಲ್ಲಿದೆ. ಇಂಗ್ಲಿಷ್ ಬಾರದ ರೋಗಿಗೆ ಅದು ಕಾಣದೇ ಹೋಗುತ್ತದೆ. ಮೌಂಟ್‌ನಲ್ಲಿ, ಅಂದರೆ ಚಿತ್ರದ ಸುತ್ತ ಕೂರುವ ದಪ್ಪ ರಟ್ಟಿನಲ್ಲಿ, ಚಿತ್ರದ ಕಿಟಕಿಯ ಕೆಳಗೆ ಇನ್ನೊಂದು ಸಣ್ಣ ಕಿಟಕಿ ಕತ್ತರಿಸಿ, ಅಲ್ಲಿ ಕನ್ನಡ ಮಾತು ಹಾಕಿಸಿ. ಒಂದೂವರೆ ಮೀಟರ್ ದೂರದಿಂದ ಓದಬೇಕಾದರೆ ಅಕ್ಷರ 7 ಮಿ.ಮೀ. ಎತ್ತರವಾದರೂ ಇರಲಿ. ಪದಕ್ಕೆ ಪದ ಇಟ್ಟರೆ ನಗು ಸಾಯುತ್ತದೆ. ನಿಮ್ಮ ಕ್ಲಿನಿಕ್ಕಿಗೆ ಬರುವ ಅಜ್ಜಿಯೊಬ್ಬರು ಡಾಕ್ಟರಿಗೆ ಹೇಗೆ ಉತ್ತರ ಕೊಟ್ಟಾರೋ ಹಾಗೆ ಬರೆಯಿರಿ.

ಕರಾವಳಿಯಲ್ಲಿ ಚಿತ್ರ ಹಾಳಾಗುವುದು ಹೆಚ್ಚಾಗಿ ಫ್ರೇಮಿನೊಳಗೇ. ರೂಢಿಯ ಕೆಲಸದಲ್ಲಿ ಚಿತ್ರವನ್ನು ಹಾರ್ಡ್‌ಬೋರ್ಡಿಗೆ ಗೋಂದು ಹಚ್ಚಿ ಅಂಟಿಸಿ, ಮೇಲೆ ಗಾಜು ತಾಗುವಂತೆ ಕೂರಿಸುತ್ತಾರೆ. ಮಳೆಗಾಲದಲ್ಲಿ ತೇವ ಗಾಜಿನ ಒಳಮೈಯಲ್ಲಿ ಸೇರಿ ಇಂಕು ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ, ಗೋಂದಿನ ರುಚಿಗೆ ಸಿಲ್ವರ್‌ಫಿಶ್ ಹುಳು ಬರುತ್ತದೆ. ಅಂಗಡಿಯವರಿಗೆ ಬರೆದೇ ಕೊಡಿ: ಆಮ್ಲರಹಿತ ಮೌಂಟ್ ಬೋರ್ಡ್, ಅದರ ಕಿಟಕಿ ನಾಲ್ಕೂ ಕಡೆ ಚಿತ್ರದ ಅಂಚನ್ನು 3 ಮಿ.ಮೀ. ಮುಚ್ಚಲಿ, ಚಿತ್ರವನ್ನು ಮೇಲಂಚಿನಲ್ಲಿ ಎರಡೇ ಕಡೆ ಜಪಾನೀ ಕಾಗದದ ತುಂಡು, ಗೋಧಿ ಗಂಜಿಯಿಂದ ನೇತುಹಾಕಲಿ, ಉಳಿದದ್ದು ಸ್ವತಂತ್ರವಾಗಿರಲಿ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗುತ್ತದೆ, ಸುತ್ತಲೂ ಅಂಟಿಸಿದರೆ ಅಲೆಯೇಳುತ್ತದೆ. ಸೆಲ್ಲೋಟೇಪ್ ಎಲ್ಲಿಯೂ ಬೇಡ. ಹಿಂಬದಿಗೆ ಹಾರ್ಡ್‌ಬೋರ್ಡ್ ಬದಲು ಟೊಳ್ಳು ಪ್ಲಾಸ್ಟಿಕ್ ಶೀಟು. ಫ್ರೇಮಿನ ಕೆಳಮೂಲೆಗಳಿಗೆ 5-6 ಮಿ.ಮೀ. ರಬ್ಬರ್ ಬಟನ್ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಮಳೆಯ ಹೊಡೆತ ತಿನ್ನುವ ಹೊರಗೋಡೆಗೆ ಮಾತ್ರ ಹಾಕಲೇಬೇಡಿ.

2 ಮಿ.ಮೀ. ಗಾಜು ಚದರ ಮೀಟರಿಗೆ 5 ಕಿಲೋ ತೂಗುತ್ತದೆ. 16×20 ಇಂಚಿನ ಫ್ರೇಮಿಗೆ ಗಾಜೊಂದೇ ಒಂದು ಕಿಲೋ. ಮಕ್ಕಳು ಓಡಾಡುವ ಜಾಗದಲ್ಲಿ ಅಕ್ರಿಲಿಕ್ ವಾಸಿ. ಅದನ್ನು ಸ್ಪಿರಿಟ್ ಹಾಕಿ ಒರೆಸಬಾರದು, ಸಣ್ಣ ಬಿರುಕು ಬಿಡುತ್ತದೆ. ಗಾಜಿಗಾದರೂ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಬೇಕು, ಫ್ರೇಮಿಗೆ ನೇರ ಸಿಂಪಡಿಸಿದರೆ ಅಂಚಿನಿಂದ ಒಳಗಿಳಿಯುತ್ತದೆ. ಕುರ್ಚಿಗಳ ಎದುರಿನ ಗೋಡೆಯಲ್ಲಿ ಚಿತ್ರದ ನಡುಭಾಗ ನೆಲದಿಂದ 120-130 ಸೆಂ.ಮೀ. ಇದ್ದರೆ ಕೂತವರ ಕಣ್ಣಿಗೆ ಸರಿ. ಕುರ್ಚಿಯ ಹಿಂದಿನ ಗೋಡೆಗಾದರೆ ಕೆಳಅಂಚೇ 150 ಸೆಂ.ಮೀ. ಮೇಲಿರಲಿ, ಇಲ್ಲದಿದ್ದರೆ ತಲೆ ತಾಗುತ್ತದೆ. ಒಂದರ ಬದಲು ಎರಡು ಕೊಕ್ಕೆ ಹಾಕಿಸಿ, ವಾಲುವುದಿಲ್ಲ. ಡ್ರೆಸ್ಸಿಂಗ್ ಕೋಣೆಯಲ್ಲಿ ಬೇಡ. ಫ್ರೇಮಿನ ಮೇಲಂಚು ಧೂಳಿನ ಗೂಡು.

ಯಾವ ಚಿತ್ರ ಎನ್ನುವುದು ಇಷ್ಟೇ ಮುಖ್ಯ. ಕಾಯುವ ಕೋಣೆಯಲ್ಲಿ ನಗು ವೈದ್ಯರ ಮೇಲಿರಲಿ, ರೋಗಿಯ ಮೇಲಲ್ಲ. ‘ಪಂಚ್’ಗಿಂತ ಹಿಂದಿನ ಇಂಗ್ಲಿಷ್ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ 1799ರಲ್ಲಿ ಬರೆದ ‘ದ ಗೌಟ್’ನಲ್ಲಿ (ಗೌಟ್ ಎಂದರೆ ಕಾಲಿನ ಕೀಲು ಊದಿ ನೋಯುವ ರೋಗ) ಊದಿದ ಪಾದಕ್ಕೆ ಭೂತವೊಂದು ಹಲ್ಲೂರಿ ಕೂತಿದೆ. ಅದ್ಭುತ ಚಿತ್ರ, ಆದರೆ ಅದೇ ನೋವಿನಿಂದ ಕುಂಟುತ್ತ ಬಂದವರ ಎದುರಿಗೆ ಬೇಡ. ಅವರದೇ 1802ರ ‘ದ ಕೌ ಪಾಕ್’ ಇನ್ನೂ ಸೂಕ್ಷ್ಮ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಆಸ್ಪತ್ರೆಯಲ್ಲಿ ಹಸುವಿನ ಸಿಡುಬಿನಿಂದ ಪಡೆದ ಸಿಡುಬಿನ ಲಸಿಕೆ ಹಾಕಿಸಿಕೊಂಡವರ ಮೈಯಿಂದ ಪುಟ್ಟ ಪುಟ್ಟ ಹಸುಗಳು ಮೂಡುತ್ತಿವೆ. ಅಂದಿನ ಭಯವನ್ನು ಅಷ್ಟು ಚೆನ್ನಾಗಿ ತೋರಿಸುವ ಚಿತ್ರ ಇನ್ನೊಂದಿಲ್ಲ. ಮಗುವಿಗೆ ಲಸಿಕೆ ಹಾಕಿಸಲು ಅಳುಕುತ್ತ ಕೂತ ತಾಯಿಗೆ ಮಾತ್ರ ಅದು ತಮಾಷೆಯಾಗಿ ಕಾಣಬೇಕಿಲ್ಲ. ಅದನ್ನು ನಿಮ್ಮ ಮನೆಯ ಓದುವ ಕೋಣೆಯಲ್ಲಿ, ಸಿಡುಬಿನ ಇತಿಹಾಸ ಕೇಳುವವರ ಕೈಗೆ ಸಿಗುವಲ್ಲಿ ಹಾಕಿ.