ಕ್ಯಾಂಪೇನ್‌ಗೆ ಆಪ್ಷನಲ್ ರೂಲ್ಸ್ ಸೇರಿಸೋದು ಹೇಗೆ? ನಿಮ್ಮ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ನಾಲ್ಕು ಜನ ಸೇರ್ಕೊಂಡು ನೆಪೋಲಿಯನ್ ಕಾಲದ ವಾರ್‌ಗೇಮ್ ಕ್ಯಾಂಪೇನ್, ಅಂದ್ರೆ ಒಂದಕ್ಕೊಂದು ಕೊಂಡಿ ಇರೋ ಯುದ್ಧಗಳ ಸರಣಿ ಆಡ್ತಿದೀವಿ. ಮ್ಯಾಪ್ ಮೇಲೆ ಸೈನ್ಯ ನಡೆಸ್ತೀವಿ, ಎದುರಾಎದುರು ಬಂದ್ರೆ ಮಿನಿಯೇಚರ್ (ಪುಟ್ಟ ಸೈನಿಕ ಬೊಂಬೆ) ಇಟ್ಟು ಟೇಬಲ್ ಮೇಲೆ ಯುದ್ಧ. ರೂಲ್‌ಬುಕ್ ಹಿಂದಿರೋ ಆಪ್ಷನಲ್ ರೂಲ್ಸ್ ಎಲ್ಲಾ ಚೆನ್ನಾಗಿದೆ ಅನ್ನಿಸ್ತು ಅಂತ ಸುಸ್ತು, ಸಪ್ಲೈ, ಮಳೆ, ಅನುಭವಿ ಯೂನಿಟ್ ಎಲ್ಲಾನೂ ಒಟ್ಟಿಗೆ ಹಾಕಿದ್ವಿ. ಈಗ ಒಂದು ಕಡೆ ಸೈನ್ಯ ಒಂದು ಗುಂಡು ಹಾರಿಸೋಕೆ ಮುಂಚೆನೇ ಓಡಿಹೋಗ್ತಿದೆ, ಸೋತವ್ರಿಗೆ ಆಡೋ ಮನಸ್ಸೇ ಇಲ್ಲ. ಯಾವ ರೂಲ್ ತೆಗೀಬೇಕು?

ಉತ್ತರ: ಬಹುಶಃ ಒಂದೊಂದಾಗಿ ನೋಡಿದ್ರೆ ನಿಮ್ಮ ಯಾವ ರೂಲೂ ಕೆಟ್ಟದ್ದಲ್ಲ. ಆಪ್ಷನಲ್ ರೂಲ್ ಬರೆಯೋವ್ರು ಸಾಮಾನ್ಯವಾಗಿ ಮೂಲ ಆಟದ ಜೊತೆ ಅದು ಹೊಂದುತ್ತಾ ಅಂತ ನೋಡಿರ್ತಾರೆ, ಆದ್ರೆ ಆ ಪಟ್ಟಿಲಿರೋ ಬೇರೆ ಹತ್ತು ಆಪ್ಷನಲ್ ರೂಲ್ ಜೊತೆ ಸೇರಿದಾಗ ಏನಾಗುತ್ತೆ ಅಂತ ನೋಡಿರೋದು ಕಮ್ಮಿ, ಆ ಕೆಲಸ ನಮ್ಮ ತಲೆಗೇ ಬರುತ್ತೆ.

ಮೊದ್ಲು ಲೆಕ್ಕ ನೋಡಿ. ಮೊರೇಲ್ ಟೆಸ್ಟ್‌ಗೆ, ಅಂದ್ರೆ ಯೂನಿಟ್ ಧೈರ್ಯವಾಗಿ ನಿಲ್ಲುತ್ತಾ ಓಡುತ್ತಾ ಅಂತ ನೋಡೋಕೆ, ಎರಡು ಡೈಸ್ ಹಾಕಿ ಒಟ್ಟು 7 ಅಥವಾ ಜಾಸ್ತಿ ಬರಬೇಕು ಅಂತಿಟ್ಕೊಳ್ಳಿ. 36ರಲ್ಲಿ 21 ಸಲ ಪಾಸ್, ಅಂದ್ರೆ ಸುಮಾರು 58 ಪರ್ಸೆಂಟ್. ಸುಸ್ತಾಗಿದೆ ಅಂತ ಒಂದು ಕಳೆದ್ರೆ 8 ಬೇಕಾಗುತ್ತೆ, 42 ಪರ್ಸೆಂಟ್‌ಗೆ ಬಂತು. ಸಪ್ಲೈ ಇಲ್ಲ ಅಂತ ಇನ್ನೊಂದು ಕಳೆದ್ರೆ 28. ಮಳೆ ಅಂತ ಮತ್ತೊಂದು ಕಳೆದ್ರೆ 17. ಪ್ರತಿ ರೂಲಲ್ಲೂ "ಒಂದೇ ಒಂದು ಕಳೀರಿ" ಅಂತಷ್ಟೇ ಬರೆದಿರುತ್ತೆ, ಓದುವಾಗ ಏನೂ ಅನ್ಸಲ್ಲ, ಮೂರೂ ಸೇರಿದ್ರೆ ಅರ್ಧಕ್ಕಿಂತ ಜಾಸ್ತಿ ನಿಲ್ತಿದ್ದ ಯೂನಿಟ್ ಆರರಲ್ಲಿ ಒಂದು ಸಲ ಮಾತ್ರ ನಿಲ್ಲುತ್ತೆ. ಅದೇ 5 ಬಂದ್ರೆ ಸಾಕು ಅನ್ನೋ ಅನುಭವಿ ಯೂನಿಟ್‌ಗೆ ಈ ಮೂರೂ ಬಿದ್ರೆ 83 ಪರ್ಸೆಂಟ್ ಇದ್ದಿದ್ದು 42ಕ್ಕೆ ಇಳಿಯುತ್ತೆ, ಅಂದ್ರೆ ಅರ್ಧ. 7 ಬೇಕಾದ ಹೊಸಬರ ಯೂನಿಟ್ ಮಾತ್ರ ಮೊದಲಿದ್ದಿದ್ದರ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಹೋಗುತ್ತೆ. ಹಾಗಾಗಿ ನಿಮ್ಮಲ್ಲಿ ಹೊಸ ಯೂನಿಟ್‌ಗಳೇ ಜಾಸ್ತಿ ಇರೋ ಕಡೆಯವ್ರೇ ಓಡ್ತಿರ್ಬೇಕು ಅಂತ ನನ್ನ ಅಂದಾಜು.

ಇದಕ್ಕೆ ನಾನು ಹೇಳೋ ಉಪಾಯ ಸಿಂಪಲ್. ಎಷ್ಟೇ ಕಾರಣ ಇರಲಿ ಒಂದು ಡೈಸ್ ರೋಲ್‌ಗೆ ಆಪ್ಷನಲ್ ರೂಲ್ಸಿಂದ ಒಟ್ಟು ಎರಡಕ್ಕಿಂತ ಜಾಸ್ತಿ ಕಳೆಯೋ ಹಾಗಿಲ್ಲ ಅಂತ ಮಿತಿ ಹಾಕಿ. ಇಲ್ಲಾಂದ್ರೆ ಇನ್ನೂ ಒಳ್ಳೇದು, ರೂಲ್‌ಗಳನ್ನ ಬೇರೆ ಬೇರೆ ಜಾಗಕ್ಕೆ ಹಂಚಿಬಿಡಿ. ಸುಸ್ತು ಮೊರೇಲ್ ಮೇಲೆ ಇರಲಿ, ಮಳೆ ನಡೆಯೋ ದೂರಕ್ಕೂ ಬಂದೂಕಿಗೂ ಮಾತ್ರ, ಸಪ್ಲೈ ಟೇಬಲ್ ಮೇಲೆ ಬರೋದೇ ಬೇಡ, ಮ್ಯಾಪ್ ಮೇಲೆ ಮಾತ್ರ ಇರಲಿ. ಸಪ್ಲೈ ವಿಷಯದಲ್ಲಿ ಎಷ್ಟೋ ಗುಂಪುಗಳು ಎಡವೋದು ಇಲ್ಲೇ, ಮ್ಯಾಪಲ್ಲಿ ಸಪ್ಲೈ ಇಲ್ಲ ಅಂತ ಜನ ಕಮ್ಮಿ ಆಗ್ತಾರೆ, ಆಮೇಲೆ ಅದೇ ಕಾರಣಕ್ಕೆ ಟೇಬಲ್ ಮೇಲೆ ಮದ್ದುಗುಂಡು ಕಮ್ಮಿ, ಆಮೇಲೆ ಮೊರೇಲೂ ಕಮ್ಮಿ. ಒಂದೇ ತೊಂದರೆಗೆ ಮೂರು ಸಲ ದಂಡ ಕಟ್ಟಿದ ಹಾಗಾಯ್ತು.

ಎರಡನೇ ವಿಷಯ ಡೈಸ್ ಲೆಕ್ಕಕ್ಕಿಂತ ಮುಖ್ಯ, ಯಾಕಂದ್ರೆ ಒಂಟಿ ಯುದ್ಧದಲ್ಲಿ ಇದು ಕಾಣಲ್ಲ, ಕ್ಯಾಂಪೇನಲ್ಲಿ ಮಾತ್ರ ಕಾಣುತ್ತೆ. ಒಂದೊಂದು ರೂಲ್ ತಗೊಂಡು ಇದರಿಂದ ಲಾಭ ಗೆದ್ದವರಿಗಾ ಸೋತವರಿಗಾ ಅಂತ ಕೇಳಿ. ಬದುಕುಳಿದ ಯೂನಿಟ್ ಅನುಭವಿ ಆಗುತ್ತೆ ಅನ್ನೋದು ಗೆದ್ದವರಿಗೆ. ರಣರಂಗ ಯಾರ ಕೈಲಿ ಉಳಿಯುತ್ತೋ ಅವ್ರ ಗಾಯಾಳುಗಳು ವಾಪಸ್ ಬರ್ತಾರೆ ಅನ್ನೋದೂ ಗೆದ್ದವರಿಗೆ. ಹಿಂದಕ್ಕೆ ಓಡಿದವ್ರಿಗೆ ಸುಸ್ತು ಅನ್ನೋದೂ ಅಷ್ಟೇ. ಈ ಮೂರೂ ಇದ್ರೆ ಮೊದಲನೇ ಯುದ್ಧ ಗೆದ್ದವ್ರೇ ಇಡೀ ಕ್ಯಾಂಪೇನ್ ಗೆದ್ದ ಹಾಗೆ, ಉಳಿದಿದ್ದನ್ನ ಆಡೋದು ಬರೀ ಶಾಸ್ತ್ರಕ್ಕೆ.

ಹಾಗಂತ ಸೋತವ್ರಿಗೆ ಪುಕ್ಕಟೆ ಸೈನ್ಯ ಕೊಡ್ಬೇಡಿ, ಅದು ಗೆದ್ದವ್ರ ಶ್ರಮಕ್ಕೆ ಅನ್ಯಾಯ. ಗೆದ್ದವ್ರನ್ನ ತಡೆಯೋ ಬ್ರೇಕ್ ಇತಿಹಾಸದಲ್ಲೇ ಇದೆ. 1812ರ ಜೂನಲ್ಲಿ ನೆಪೋಲಿಯನ್ ನಾಲ್ಕು ಲಕ್ಷಕ್ಕಿಂತ ಜಾಸ್ತಿ ಜನ ಕರ್ಕೊಂಡು ರಷ್ಯಾಗೆ ನುಗ್ಗಿದ, ಸೆಪ್ಟೆಂಬರಲ್ಲಿ ಮಾಸ್ಕೋ ಮುಟ್ಟೋ ಹೊತ್ತಿಗೆ ಅವನ ಜೊತೆ ಇದ್ದಿದ್ದು ಸುಮಾರು ಒಂದು ಲಕ್ಷ. ಉಳಿದವರೆಲ್ಲಾ ಯುದ್ಧದಲ್ಲಿ ಸತ್ತಿದ್ದಲ್ಲ, ಕಾಯಿಲೆ, ಹಸಿವು, ಓಡಿಹೋದವ್ರು, ಜೊತೆಗೆ ದಾರಿ ಕಾಯೋಕೆ ಅಂತ ಹಿಂದೆ ಬಿಟ್ಟವ್ರು. ಮುಂದೆ ಹೋದಷ್ಟೂ ದಾಳಿ ಮಾಡೋವ್ನು ತೆಳ್ಳಗಾಗ್ತಾನೆ, ಹಿಂದೆ ಸರಿಯೋವ್ನು ತನ್ನ ಉಗ್ರಾಣಕ್ಕೆ ಹತ್ರ ಆಗ್ತಾನೆ. ಹಾಗಾಗಿ ನಿಮ್ಮ ಪಟ್ಟಿಲಿ ಒಂದೇ ಒಂದು ರೂಲ್ ಉಳಿಸ್ಕೊಳ್ಳಿ ಅಂದ್ರೆ ನಾನು ಮ್ಯಾಪ್ ಮೇಲಿನ ಸಪ್ಲೈ ರೂಲ್ ಉಳಿಸ್ಕೊಳ್ಳೋಕೆ ಹೇಳ್ತೀನಿ. ಡಿಪೋದಿಂದ ಎಷ್ಟು ಟರ್ನ್ ದೂರ ಇದೀರೋ ಅದಕ್ಕೆ ತಕ್ಕ ಹಾಗೆ ಜನ ಕಮ್ಮಿ ಆಗ್ಲಿ, ದಾರಿಲಿ ಕಾವಲು ಬಿಡಬೇಕಾಗ್ಲಿ. ಗೆದ್ದವನು ಬೆನ್ನಟ್ಟಬೇಕಾ ನಿಲ್ಲಬೇಕಾ ಅಂತ ಕೂತು ಯೋಚ್ನೆ ಮಾಡ್ತಾನೆ ನೋಡಿ, ನನಗಂತೂ ಕ್ಯಾಂಪೇನ್ ಆಟದಲ್ಲಿ ಅದಕ್ಕಿಂತ ಸೊಗಸಾದ ಗಳಿಗೆ ಇಲ್ಲ. ಇದು ಇದ್ಮೇಲೆ ಅನುಭವಿ ಯೂನಿಟ್ ರೂಲ್ ಧೈರ್ಯವಾಗಿ ಇಟ್ಕೋಬೋದು, ಒಂದು ತಳ್ಳುತ್ತೆ ಇನ್ನೊಂದು ಹಿಡಿಯುತ್ತೆ.

ಪ್ರಶ್ನೆ: ಕ್ಯಾಂಪೇನ್ ಅರ್ಧ ಆಗಿದೆ. ಈಗ ರೂಲ್ ಬದಲಾಯಿಸ್ಬೋದಾ, ಇಲ್ಲಾ ಮೊದಲಿಂದ ಶುರು ಮಾಡ್ಬೇಕಾ?

ಉತ್ತರ: ಬದಲಾಯಿಸಿ, ಆದ್ರೆ ಯುದ್ಧದ ಮಧ್ಯೆ ಬೇಡ. ಕ್ಯಾಂಪೇನಲ್ಲಿ ತಿಂಗಳೋ ಋತುನೋ ಮುಗಿಯೋ ಜಾಗ ಇರುತ್ತಲ್ಲ, ಅಲ್ಲಿ ಮಾಡಿ. ಬದಲಾವಣೆಯಿಂದ ಯಾರಿಗೆ ನಷ್ಟವೋ ಅವ್ರು ಒಪ್ಪಿದ್ರೆ ಮಾತ್ರ ಮಾಡಿ, ಒಪ್ಪಿದ್ದನ್ನ ಒಂದು ಹಾಳೆಲಿ ಬರೆದಿಡಿ, ಇಲ್ಲಾಂದ್ರೆ ನಾಲ್ಕು ಜನಕ್ಕೆ ನಾಲ್ಕು ಥರ ನೆನಪಿರುತ್ತೆ.

ಹೊಸದಾಗಿ ಶುರು ಮಾಡೋವ್ರಿಗೆ ಒಂದು ಮಾತು. 1977ರಲ್ಲಿ ಬಂದ ಸ್ಕ್ವಾಡ್ ಲೀಡರ್ ಅನ್ನೋ ಬೋರ್ಡ್ ವಾರ್‌ಗೇಮಲ್ಲಿ ಎಲ್ಲಾ ರೂಲ್ ಒಟ್ಟಿಗೆ ಓದೋ ಹಾಗೇ ಇರ್ಲಿಲ್ಲ, ಮೊದಲ ಸಿನಾರಿಯೋಗೆ (ಆಡೋ ಒಂದು ಸನ್ನಿವೇಶಕ್ಕೆ) ಬೇಕಾದಷ್ಟು ಓದಿ ಆಡಿ, ಮುಂದಿನದಕ್ಕೆ ಇನ್ನೊಂದಿಷ್ಟು ಓದಿ ಅಂತ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ್ರು. ಕ್ಯಾಂಪೇನ್‌ಗೂ ಇದೇ ದಾರಿ ಸರಿ. ಮೊದ್ಲು ಹವಾಮಾನ ಹಾಕಿ, ಟರ್ನ್‌ಗೆ ಒಂದೇ ರೋಲ್, ಎರಡೂ ಕಡೆಗೆ ಅನ್ವಯಿಸುತ್ತೆ, ಜಗಳ ಇಲ್ಲ. ಅದು ಅಭ್ಯಾಸ ಆದ್ಮೇಲೆ ಸಪ್ಲೈ. ಕಮಾಂಡರ್ ಸಾಯೋ ರೂಲ್ ಕೊನೆಗೆ, ಅದೂ ಅವನ ಜಾಗಕ್ಕೆ ಯಾರು ಬರ್ತಾರೆ, ಎಷ್ಟು ಹೊತ್ತಿಗೆ ಬರ್ತಾರೆ ಅಂತ ತೀರ್ಮಾನ ಆದ್ಮೇಲೇನೇ, ಯಾಕಂದ್ರೆ ಕಮಾಂಡರ್ ಹತ್ರ ಇದ್ರೆ ಮಾತ್ರ ಯೂನಿಟ್ ಕದಲುತ್ತೆ ಅನ್ನೋ ರೂಲೂ ನಿಮ್ಮಲ್ಲಿದ್ರೆ ಒಂದು ಕೆಟ್ಟ ಡೈಸ್‌ಗೆ ಅರ್ಧ ಸೈನ್ಯ ಕಲ್ಲಾಗಿ ನಿಂತ್ಬಿಡುತ್ತೆ.

ಪ್ರಶ್ನೆ: ಶತ್ರು ಎಲ್ಲಿದಾನೆ ಅಂತ ಗೊತ್ತಿಲ್ಲದ ಹಾಗೆ ಆಡೋಕೆ ಆಸೆ, ಆದ್ರೆ ಅಂಪೈರ್ ಆಗೋಕೆ ಯಾರೂ ತಯಾರಿಲ್ಲ. ದಾರಿ ಇದ್ಯಾ?

ಉತ್ತರ: ಅಂಪೈರ್ ಇದ್ರೆ ಅದರ ಮಜಾನೇ ಬೇರೆ, 1824ರಲ್ಲಿ ಪ್ರಷ್ಯಾ ಸೈನ್ಯದವ್ರು ಆಡ್ತಿದ್ದ ಕ್ರೀಗ್‌ಸ್ಪೀಲ್ ಅನ್ನೋ ಯುದ್ಧದಾಟದಲ್ಲೇ ಅಂಪೈರ್ ಇದ್ದ, ಆಯಾ ಕಡೆ ಕಣ್ಣಿಗೆ ಬೀಳೋದನ್ನ ಮಾತ್ರ ಆಯಾ ಕಡೆಗೆ ಹೇಳ್ತಿದ್ದ. ಇಲ್ಲಾಂದ್ರೆ ಎರಡು ದಾರಿ ಇದೆ. ಒಂದು, ಮ್ಯಾಪ್ ಮೇಲೆ ಸೈನ್ಯ ತೋರಿಸೋ ಚಪ್ಪಟೆ ಕೌಂಟರ್ ಬದ್ಲು ಮರದ ಬ್ಲಾಕ್ ನಿಲ್ಲಿಸಿ, ಗುರುತು ನಿಮ್ಮ ಕಡೆಗೆ, ಎದುರಿನವ್ರಿಗೆ ಕಾಣೋದು ಬರೀ ಬೆನ್ನು. 1972ರಿಂದ ಈ ಥರದ ಬ್ಲಾಕ್ ಆಟಗಳು ಇವೆ. ಇನ್ನೊಂದು, ಮ್ಯಾಪಲ್ಲಿ ಸೈನ್ಯದ ಕೌಂಟರ್ ಕವುಚಿ ಹಾಕಿ ಜೊತೆಗೆ ಒಂದಿಷ್ಟು ಖಾಲಿ ಕೌಂಟರ್ ಓಡಾಡಿಸಿ, ಮೂರು ಸೈನ್ಯಕ್ಕೆ ಎರಡು ಖಾಲಿ ಸಾಕು, ಜಾಸ್ತಿ ಆದ್ರೆ ಟರ್ನ್ ಮುಗಿಯೋದೇ ಇಲ್ಲ. ಇದನ್ನ ಹವಾಮಾನದ ಜೊತೆ ಜೋಡಿಸಿ, ಮಂಜು ಇರೋ ಟರ್ನಲ್ಲಿ ಪಕ್ಕದ ಜಾಗಕ್ಕೆ ಬಂದ್ರೂ ಕೌಂಟರ್ ತಿರುಗಿಸಿ ತೋರಿಸ್ಬೇಕಾಗಿಲ್ಲ, ಕುದುರೆ ಪಡೆ ಕಳಿಸಿದ್ರೆ ಮಾತ್ರ ತೋರಿಸ್ಬೇಕು ಅಂತ ಇಟ್ಕೊಳ್ಳಿ. ಟೇಬಲ್ ಮೇಲೆ ಹೊಡೆದಾಡೋಕೆ ಮಾತ್ರ ಅಂತ ಇದ್ದ ಕುದುರೆ ಪಡೆಗೆ ಮ್ಯಾಪ್ ಮೇಲೂ ಒಂದು ಕೆಲಸ ಸಿಗುತ್ತೆ, ಅದನ್ನ ಯುದ್ಧಕ್ಕೆ ಉಳಿಸ್ಬೇಕಾ ಹುಡುಕೋಕೆ ಕಳಿಸ್ಬೇಕಾ ಅಂತ ಪ್ರತಿ ಟರ್ನೂ ಯೋಚಿಸ್ಬೇಕಾಗುತ್ತೆ.