ಬಂಡೆಯ ಬಿರುಕಿನ ಹಗಲು ಹಲ್ಲಿ

ಪ್ರಶ್ನೆ: ಮೇಡಂ, ತುರಹಳ್ಳಿ ಕಾಡಿಗೆ ವಾಕಿಂಗ್ ಹೋಗಿದ್ದಾಗ ಬಂಡೆಯ ಬಿರುಕಿನಿಂದ ಬೆರಳುದ್ದದ ಕಂದು ಹಲ್ಲಿಯೊಂದು ಹೊರಬಂತು. ಬೆಳಗ್ಗೆ ಎಂಟು ಗಂಟೆ, ಒಳ್ಳೇ ಬಿಸಿಲು. ಮನೆ ಹಲ್ಲಿಯ ಮರಿಯೇ? ಜೊತೆಗಿದ್ದವರು ‘ಕಾಡು ಹಲ್ಲಿ, ವಿಷ’ ಎಂದು ಹೆದರಿಸಿದರು. ಹಿಡಿದು ತಂದು ಬಾಲ್ಕನಿಯ ಕುಂಡಗಳಲ್ಲಿ ಬಿಟ್ಟರೆ ಬದುಕುತ್ತದೆಯೇ?
– ಓದುಗರೊಬ್ಬರು, ಉತ್ತರಹಳ್ಳಿ, ಬೆಂಗಳೂರು

ಉತ್ತರ: ಮರಿಯಲ್ಲ, ಬೆಳೆದದ್ದೇ ಇರಬೇಕು. ನೀವು ಹೇಳಿದ ಹೊತ್ತು, ಜಾಗ, ಗಾತ್ರ ಮೂರೂ ಹಗಲು ಹಲ್ಲಿಗೆ ಹೊಂದುತ್ತವೆ. ಇವು ನೆಮಾಸ್ಪಿಸ್ ಕುಲದವು. ನಮ್ಮ ಸೀಮೆಯ ನೆಮಾಸ್ಪಿಸ್ ಮೈಸೂರಿಯೆನ್ಸಿಸ್ ಅನ್ನು ಮದ್ರಾಸ್ ಸೇನೆಯಲ್ಲಿ ವೈದ್ಯನಾಗಿದ್ದ ಜೆರ್ಡನ್ 1853ರಲ್ಲೇ ವರ್ಣಿಸಿದ್ದ. ಹಕ್ಕಿಗಳ ವಿಚಾರದಲ್ಲಿ ಹೆಸರು ಮಾಡಿದ ಅದೇ ಜೆರ್ಡನ್.

ಮುಂದಿನ ಸಲ ಕಣ್ಣು ನೋಡಿ. ಮನೆ ಹಲ್ಲಿಯ ಪಾಪೆ ಬೆಳಕಿನಲ್ಲಿ ಬೆಕ್ಕಿನ ಕಣ್ಣಿನಂತೆ ಉದ್ದ ಗೀರಾಗುತ್ತದೆ. ಇದರದು ದುಂಡಗೇ ಇರುತ್ತದೆ, ಹಗಲು ತಿರುಗುವ ಜೀವಕ್ಕೆ ತಕ್ಕ ಹಾಗೆ. ರೆಪ್ಪೆ ಮಾತ್ರ ಎರಡಕ್ಕೂ ಇಲ್ಲ. ಕಣ್ಣಿಗೆ ದೂಳು ಬಿದ್ದರೆ ನಾಲಿಗೆ ಚಾಚಿ ನೆಕ್ಕಿಕೊಳ್ಳುತ್ತವೆ.

ನಿಮ್ಮ ಬಾಲ್ಕನಿಯ ಪ್ರಶ್ನೆಗೆ ಉತ್ತರ ಇರುವುದು ಅದರ ಕಾಲ್ಬೆರಳಲ್ಲಿ. ಮನೆ ಹಲ್ಲಿಯ ಬೆರಳಡಿ ಅಗಲವಾದ ಪಟ್ಟಿಗಳು, ಅವುಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು. ಅದಕ್ಕೇ ಟ್ಯೂಬ್‌ಲೈಟ್ ಪಕ್ಕ ತಲೆಕೆಳಗಾಗಿ ನಿಂತರೂ ಬೀಳುವುದಿಲ್ಲ. ಹಗಲು ಹಲ್ಲಿಗೆ ಆ ಪಟ್ಟಿಗಳಿಲ್ಲ. ತೆಳು ಬೆರಳು, ತುದಿಯಲ್ಲಿ ಉಗುರು, ಅಷ್ಟೇ. ಉಗುರು ಸಿಕ್ಕಿಸಲು ಒರಟು ಕಲ್ಲೋ ಮರದ ತೊಗಟೆಯೋ ಬೇಕು. ನುಣುಪಾದ ಟೈಲ್ಸಿನ ಮೇಲೆ ಪಾಪ ಏನು ಮಾಡೀತು? ತರಬೇಡಿ.

ಇನ್ನೊಂದು ಕಾರಣವೂ ಇದೆ. ಬಿಳಿಯ, ಗಟ್ಟಿ ಚಿಪ್ಪಿನ ಎರಡೆರಡು ಮೊಟ್ಟೆಯನ್ನು ಇವು ಬಂಡೆಯ ಸಂದಿಗೆ ಅಂಟಿಸುತ್ತವೆ. ಒಂದೇ ಸಂದಿಯಲ್ಲಿ ಹಲವು ಹೆಣ್ಣುಗಳು ಇಡುವುದೂ ಉಂಟು. ಹಳೆಯ ಚಿಪ್ಪಿನ ಗುರುತು ಅಲ್ಲೇ ಉಳಿದಿರುತ್ತದೆ. ಕಲ್ಲು ಬಿಟ್ಟು ದೂರ ಹೋಗದ ಇಂಥ ಜೀವಿಗಳು ಬೆಟ್ಟದಿಂದ ಬೆಟ್ಟಕ್ಕೆ ಬೇರೆಬೇರೆ ಪ್ರಭೇದಗಳೇ ಆಗಿಬಿಟ್ಟಿವೆ. ನಮ್ಮ ಪಕ್ಕದ ಕೋಲಾರದ ಕಡೆಯದೊಂದು, ನೆಮಾಸ್ಪಿಸ್ ಬಂಗಾರ, ಹೊಸ ಪ್ರಭೇದವೆಂದು ಪ್ರಕಟವಾದದ್ದು 2020ರಲ್ಲಿ. ಒಂದು ಗುಡ್ಡ ಒಡೆದು ಜಲ್ಲಿ ಮಾಡಿದರೆ ಏನೇನು ಹೋಗುತ್ತದೋ!

ವಿಷವಂತೂ ಇಲ್ಲ. ನಮ್ಮ ದೇಶದ ಯಾವ ಹಲ್ಲಿಗೂ ಇಲ್ಲ. ನಮ್ಮತ್ತೆ ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯುತ್ತಿದ್ದರು, ಕಂಚಿಯ ಬಂಗಾರದ ಹಲ್ಲಿ ಮುಟ್ಟಿ ಬಂದವರನ್ನು ಹುಡುಕುತ್ತಿದ್ದರು. ಆ ಲೆಕ್ಕ ಬೇರೆ! ಮನೆ ಹಲ್ಲಿಯ ಹಿಕ್ಕೆ ಅಡುಗೆಗೆ ಬಿದ್ದರೆ ಅದರಲ್ಲಿರುವ ಬ್ಯಾಕ್ಟೀರಿಯಾದಿಂದ ಹೊಟ್ಟೆ ಕೆಡಬಹುದು, ಪಾತ್ರೆ ಮುಚ್ಚಿಡಿ. ತುರಹಳ್ಳಿಯಲ್ಲಿ ಮತ್ತೆ ಕಂಡರೆ ಕಲ್ಲು ಎತ್ತಿ ನೋಡದೆ, ದೂರದಿಂದಲೇ ಕಣ್ಣು, ಬೆರಳು ಕಾಣುವ ಹಾಗೆ ಫೋಟೊ ತೆಗೆದು ಕಳಿಸಿ.